ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ

ಕರಂಗಲ್ಪಾಡಿಯ ಇಳಿಜಾರಿನಲ್ಲಿ, ಕೋರ್ಟಿನ ಬೆನ್ನಿಗೆ,
ನನ್ನದೊಂದು ಮೇಜು, ಒಂದು ಕಂಪ್ಯೂಟರು,
ಮಳೆಗಾಲಕ್ಕೊಂದು ಟಾರ್ಪಾಲು.
ಪುಟಕ್ಕೆ ಮೂವತ್ತು ರೂಪಾಯಿ.
ಅಳುವುದಕ್ಕೆ ಬೇರೆ ಚಾರ್ಜಿಲ್ಲ.

ಕುತ್ತಾರಿನ ವಾರಿಜಕ್ಕ ಬಂದು ಕೂತರು,
ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಕಂದು.
"ಬ್ಯಾಂಕಿನ ಮೆಸೇಜು ಪೊರ್ಬುಲೆ, ಓದಿ ಹೇಳಿ."
ಓದಿದೆ: ನಮ್ಮ ಕೆಲವು ಗ್ರಾಹಕರ ಮಾಹಿತಿಯು
ಅನಧಿಕೃತ ವ್ಯಕ್ತಿಗಳಿಗೆ ಲಭ್ಯವಾಗಿರುವ ಸಾಧ್ಯತೆ ಇದ್ದು
ಆತಂಕಪಡುವ ಅಗತ್ಯವಿರುವುದಿಲ್ಲ.
ಕನ್ನಡವೇ. ಆದರೂ ಕನ್ನಡದಲ್ಲಿ ಹೇಳಬೇಕಾಯಿತು:
"ನಿಮ್ಮ ಹೆಸರು, ನಂಬರು, ಆಧಾರು, ಎಲ್ಲ ಯಾರದೋ ಕೈಗೆ ಹೋಗಿದೆ."
"ನಾನು ಯಾರಿಗೂ ಕೊಡಲಿಲ್ಲವಲ್ಲ?"
"ಬ್ಯಾಂಕಿಗೆ ಕೊಟ್ಟಿದ್ದೀರಿ."
"ಹಾಗಾದ್ರೆ ಅವರು ಕೊಟ್ಟದ್ದಾ?"
"ಕೊಟ್ಟದ್ದಲ್ಲ. ಬಾಗಿಲು ಹಾಕಲಿಲ್ಲ."
"ಅದಕ್ಕೆ ಕೇಸು ಉಂಟಾ?"
ಉಂಟು ಅಂದೆ. ಬಾಗಿಲಿಗೂ ಈಗ ಕಾನೂನು ಉಂಟು.

ಪಾಸ್‌ಬುಕ್ಕಿನ ಮಡಿಕೆಯಿಂದ ಇನ್ನೊಂದು ಕಾಗದ ಬಂತು:
ಸೂರತ್ತಿನ ಯಾವುದೋ ಕಂಪನಿ, ಬೈಕಿನ ಸಾಲ,
ಎರಡನೇ ಕಂತು ಬಾಕಿ.
ಸೈಕಲ್ಲಿನ ಹಿಂದೆ ಕೂತರೂ ತಲೆ ತಿರುಗುವ ವಾರಿಜಕ್ಕ
ಎಲ್ಲೋ ದೂರದ ಹೆದ್ದಾರಿಯಲ್ಲಿ
ಹೆಲ್ಮೆಟ್ಟಿಲ್ಲದೆ ಹೋಗುತ್ತಿದ್ದಾರೆ, ನೂರರ ವೇಗದಲ್ಲಿ.

ನಕ್ಕರು. ಆಮೇಲೆ ಹೆಬ್ಬೆರಳು ತೋರಿಸಿದರು.
ನಲವತ್ತು ವರ್ಷ, ದಿನಕ್ಕೆ ಏಳುನೂರು ಬೀಡಿ;
ಗೆರೆಗಳೆಲ್ಲ ಅಳಿದು
ಸೋಮೇಶ್ವರದ ಕಡಲಲ್ಲಿ ಹೊರಳಿದ ಕಲ್ಲಿನಷ್ಟು ನುಣುಪು.
ರೇಷನ್ ಅಂಗಡಿಯಲ್ಲಿ ಒರೆಸಿ ಒತ್ತಿ, ಒದ್ದೆ ಮಾಡಿ ಒತ್ತಿ,
ಪ್ರತಿ ತಿಂಗಳೂ ಕೆಂಪು ದೀಪ: ನೀವು ನೀವಲ್ಲ.
"ಮಿಷನಿಗೆ ಗುರುತು ಸಿಗದವಳು
ಕಳ್ಳನಿಗೆ ಹೇಗೆ ಸಿಕ್ಕಿದೆ?"

ಇದಕ್ಕೆ ನನ್ನಲ್ಲಿ ನಮೂನೆ ಇಲ್ಲ.
ನಮೂನೆ ಇದ್ದದ್ದನ್ನು ಟೈಪು ಮಾಡಿದೆ:
ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ
ಸದರಿ ಸಾಲ ನನ್ನದಲ್ಲ. ಸದರಿ ಸಹಿ ನನ್ನದಲ್ಲ.
ಸದರಿ ಬೈಕನ್ನು ನಾನು ಕಂಡಿರುವುದಿಲ್ಲ.

ಒಂದು ಪ್ರತಿ ಸೈಬರ್ ಠಾಣೆಗೆ;
ರಶೀದಿ ಕೊಡುವವರೆಗೆ ಬೆಂಚು ಬಿಟ್ಟು ಏಳಬೇಡಿ.
ಒಂದು ಆ ಸೂರತ್ತಿನವರಿಗೆ, ರಿಜಿಸ್ಟರ್ ಪೋಸ್ಟು.
ಒಂದು ಬ್ಯಾಂಕಿಗೆ, ಸೀಲು ಬೀಳಬೇಕು, ತಾರೀಕು ಬೀಳಬೇಕು.
ತಿಂಗಳಾದರೂ ಬಾಯಿ ಬಿಡದಿದ್ದರೆ ಒಂಬುಡ್ಸ್‌ಮನ್.
"ಅವರು ಯಾರು?"
"ಬ್ಯಾಂಕಿನ ಅಜ್ಜಿ ಅಂತ ಇಟ್ಟುಕೊಳ್ಳಿ."
ಅಜ್ಜಿಯೂ ಕೇಳದಿದ್ದರೆ ಗ್ರಾಹಕರ ಕೋರ್ಟು,
ಅಲ್ಲಿ ವಕೀಲರಿಲ್ಲದೆಯೂ ನಿಲ್ಲಬಹುದು.
"ಎಷ್ಟು ಹೊತ್ತು ನಿಲ್ಲಬೇಕು?"
ಹೊತ್ತಲ್ಲ, ವರ್ಷ ಅಂತ ನಾನು ಹೇಳಲಿಲ್ಲ.
ಖಾತೆಯಿಂದ ಹಣ ಹೋದರೆ ಆ ಗಳಿಗೆಯೇ ಫೋನು:
ಒಂದು, ಒಂಬತ್ತು, ಮೂರು, ಸೊನ್ನೆ.
ಅವರ ಅಮ್ಮ ಹುಟ್ಟಿದ ವರ್ಷವಂತೆ. ಬರೆದುಕೊಳ್ಳಲಿಲ್ಲ.

ಕೊನೆಗೆ ಬೆರಳಚ್ಚಿಗೆ ಬೀಗ ಹಾಕುವ ಕೆಲಸ.
ಅವರ ಮೊಬೈಲಿಗೆ ಓಟಿಪಿ ಬಂತು,
ದೊಡ್ಡ ದನಿಯಲ್ಲಿ ಓದಹೊರಟರು.
ಕೈ ಅಡ್ಡ ಹಿಡಿದೆ: "ಯಾರಿಗೂ ಹೇಳಬೇಡಿ. ನನಗೂ."
"ಪೊರ್ಬುಗಳಿಗೂ?"
"ಪೊರ್ಬುಗಳಿಗೂ."
ಹಾಗಾಗಿ ಅವರೇ ಒತ್ತಿದರು, ಒಂದೊಂದೇ ಅಂಕೆ,
ಕಟ್ಟಿಗೆ ಬೀಡಿ ಎಣಿಸುವ ನಿಧಾನದಲ್ಲಿ.
ಗೆರೆಯಿಲ್ಲದ ಆ ಬೆರಳನ್ನು
ಗಾಜು ಏನೂ ಕೇಳಲಿಲ್ಲ.

ಕೆಳಗಿನ ರಸ್ತೆಯಲ್ಲಿ ಕಂಡಕ್ಟರು ಕೂಗುತ್ತಿದ್ದ,
ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್;
ಈ ಊರಲ್ಲಿ ಎಲ್ಲ ಬಸ್ಸುಗಳೂ ಕೊನೆಗೆ ಬ್ಯಾಂಕಿನ ಹೆಸರಿಗೇ ಹೋಗುತ್ತವೆ.
ಅದೇ ಮೆಸೇಜು ನನ್ನ ಮೊಬೈಲಿನಲ್ಲೂ ಉಂಟು,
ಒಂಬತ್ತು ದಿನವಾಯಿತು. ಊರಿಗೆಲ್ಲ ಅರ್ಜಿ ಬರೆಯುವವನು
ಇನ್ನೂ ಒಂದಕ್ಷರ ಒತ್ತಿಲ್ಲ.

ತೊಂಬತ್ತು ಆಯಿತು ಅಂದೆ. ಎಪ್ಪತ್ತು ಕೊಟ್ಟರು.
ಉಳಿದದ್ದು ಬುಧವಾರ, ಮಜೂರಿ ಬಂದ ಮೇಲೆ.
ನೋಟುಬುಕ್ಕಿನಲ್ಲಿ ಬರೆದೆ:
ವಾರಿಜ, ಕುತ್ತಾರು, ಇಪ್ಪತ್ತು ರೂಪಾಯಿ.
ಬಗ್ಗಿ ನೋಡಿ ತಲೆಯಾಡಿಸಿದರು.
"ಹಾಂ, ಇದು ನನ್ನದೇ."