ಕಾಫಿ ತಂದಿಟ್ಟವನು

ಚಾಂಪಿಯನ್ ರೀಫಿನ ಹಾಲಿನಲ್ಲಿ
ಭಾನುವಾರ ಮ್ಯಾಟಿನಿಗೆ ಕುದುರೆ ಪಿಚ್ಚರು, ಕಲರು.
ಮುಂದಿನ ಬೆಂಚು ನಮ್ಮದು, ತಿಗಣೆಗಳದ್ದೂ.
ಹಿಂದೆ ಕುಶನ್ ಕುರ್ಚಿಯಲ್ಲಿ
ಡೆಸ್ಮಂಡ್, ಅವನ ಅಕ್ಕ, ಸೆಂಟಿನ ವಾಸನೆ.

ಪರದೆಗೆ ಬೋಳುಗುಡ್ಡ ಬಂದಾಗೆಲ್ಲ
ಕದಿರ್‌ವೇಲು ಕಿರುಚುತ್ತಿದ್ದ:
"ಡೇ, ನಮ್ಮ ಸೈನೈಡ್ ದಿಬ್ಬ!"
ನಿಜವೇ. ಅದೇ ಮಡಿಕೆ, ಅದೇ ಸೀಳು,
ಹುಲ್ಲು ಹುಟ್ಟದ ಅದೇ ಮೈ.
ಅದನ್ನು ದೇವರು ಮಾಡಿದ್ದಂತೆ;
ಇದು ನಮ್ಮ ಲೈನಿನ ಗಂಡಸರು
ಎಪ್ಪತ್ತು ವರ್ಷ ನೆಲದಡಿಯಿಂದ ಹೊತ್ತು ಸುರಿದದ್ದು.

"ಇಂಡಿಯನ್ಸ್!" ಅಂತ ಪರದೆಯಲ್ಲಿ ಕೂಗೆದ್ದಾಗ
ಮೊದಮೊದಲು ಬೆಂಚಿಗೆ ಬೆಂಚೇ ಚಪ್ಪಾಳೆ ಹೊಡೆಯಿತು,
ನಮ್ಮವರೇನೋ ಅಂತ.
ಬಂದವರು ಗರಿ ಕಟ್ಟಿದ್ದರು. ಬಿದ್ದರು.
ಒಂದು ಗುಂಡಿಗೆ ಮೂವರು.
ಹತ್ತಿರದಿಂದ ತೋರಿಸಿದಾಗ ಕಂಡೆ:
ಬಳಿದ ಕಂದು ಕಿವಿಯ ಹಿಂದೆ ಮುಗಿದುಹೋಗಿತ್ತು,
ಹೆಣದ ಕಣ್ಣು ನೀಲಿ.
ಸಾಯುವ ಕೆಲಸವನ್ನೂ
ಬೇರೆಯವರಿಗೆ ಕೊಟ್ಟಿರಲಿಲ್ಲ.

ಸಂಜೆ ದಿಬ್ಬದ ಮೇಲೆ ಆಟ.
ಪಟಾಕಿ ಪಿಸ್ತೂಲು ಡೆಸ್ಮಂಡನದು, ಆದ್ದರಿಂದ ಕಾನೂನೂ.
"ನೀವು ಹೇಗೂ ಇಂಡಿಯನ್ಸ್, ವೇಷ ಬೇಡ" ಅಂದ.
ಸೆಲ್ವನಾಥ ಹನ್ನೊಂದು ಸಲ ಸತ್ತ, ನಾನು ಒಂಬತ್ತು.
ಡೆಸ್ಮಂಡನ ಅಜ್ಜಿ ನಮ್ಮಷ್ಟೇ ಕಪ್ಪು;
ಮನೆಗೆ ಯಾರಾದರೂ ಬಂದರೆ
ಎದ್ದು ಒಳಕೋಣೆಗೆ ಹೋಗುತ್ತಿದ್ದಳು.

ಅಪ್ಪ ಬಂದದ್ದು ಒಂದೇ ಸಲ.
ಬೇತಮಂಗಲದ ಪಿಳ್ಳಪ್ಪ,
ಕ್ಲಬ್ಬಿನ ಅಡುಗೆಮನೆಯಲ್ಲಿ ಬಿಲ್ಲಿ.
ಗುಂಡು ಹಾರಿದರೂ ರೈಲು ಉರುಳಿದರೂ ಮಿಸುಕಲಿಲ್ಲ.
ನಡುವೆ ಒಬ್ಬ ಚೀನದವನು,
ಬೆನ್ನಿಗೆ ಜಡೆ, ಹೆಗಲಿಗೆ ಬಟ್ಟೆ,
ಕಾಫಿ ಕೆಟಲು ತಂದಿಟ್ಟು ಏನೋ ತೊದಲಿದ.
ಮೇಜಿನವರು ನಕ್ಕರು. ಹಿಂದಿನ ಸಾಲೂ ನಕ್ಕಿತು.
ಬಿಲ್ಲಿಯಷ್ಟು ಹೆಸರೂ ಇರಲಿಲ್ಲ ಅವನಿಗೆ.
ಅಪ್ಪ ಮುಂದಕ್ಕೆ ಬಾಗಿದ.
ಅವನು ಹೋದ ಬಾಗಿಲ ಕಡೆಗೇ ಕಣ್ಣಿಟ್ಟು ಕೂತ
ಪಿಚ್ಚರು ಮುಗಿಯುವವರೆಗೂ.

ದಾರಿಯಲ್ಲಿ, ಶಾಫ್ಟಿನ ಸೈರನ್ ಕೂಗಿ ನಿಂತ ಮೇಲೆ, ಕೇಳಿದ:
"ಆ ಅಡುಗೆಯವನು ಏನಾದ?"
ತೋರಿಸಲಿಲ್ಲಪ್ಪ.
"ಮನೆಗೆ ಬೆಂಕಿ ಬಿತ್ತಲ್ಲ. ಒಳಗಿದ್ದನಾ?"
ಗೊತ್ತಿಲ್ಲ.
ಮಾರಿಕುಪ್ಪದ ರೈಲು ಹೋಗುವ ತನಕ ಗೇಟಿನಲ್ಲಿ ನಿಂತೆವು.
"ಹೆಗಲ ಮೇಲೆ ಬಟ್ಟೆ ಇತ್ತು,
ಆದರೂ ಬರಿಗೈಲಿ ಹಿಡಿದ, ನೋಡಿದೆಯಾ?
ಖಾಲಿ ಕೆಟಲು ಅದು.
ಅವನೂ ಅಡುಗೆಯವನಲ್ಲ ಬಿಡು,
ಯಾರೋ ಹಾಗೆ ಆಡ್ತಾವ್ನೆ."

ಮನೆಗೆ ಬಂದವನೇ ಒಲೆ ಹಚ್ಚಿದ.
ಅಮ್ಮನನ್ನು ಏಳಗೊಡಲಿಲ್ಲ.
ನಮ್ಮ ಕರಿ ಡಬರಿಯಲ್ಲಿ ಕಾಫಿ ಕುದಿಸಿ
ಪಂಚೆಯ ತುಂಡು ಎರಡು ಮಡಿಕೆ ಮಾಡಿ ಹಿಡಿದು
ಬಾಗಿಲಿಂದ ಬಂದ, ಇಟ್ಟ.
ಹೋಗಲಿಲ್ಲ.
ನಮ್ಮ ನಡುವೆಯೇ ಚಕ್ಕಳಬಕ್ಕಳ ಹಾಕಿ ಕೂತು
ಲೋಟ ತುಂಬ ಸುರಿದುಕೊಂಡು ಕುಡಿದ,
ಹಳೆಯ ಸುಟ್ಟಕಲೆಯ ಬೆರಳುಗಳನ್ನೆಲ್ಲ
ಬಿಸಿ ಲೋಟಕ್ಕೆ ಒತ್ತಿಕೊಂಡು.