ಕಾಯುವ ಕೆಲಸ

ಬೆಳಗಿನ ಐದೂಕಾಲು. ಗೇಟಿನೆದುರು
ನಾವೇ ಹಚ್ಚಿದ ಬೆಂಕಿ, ಮರದ ಪ್ಯಾಲೆಟ್ಟುಗಳದ್ದು.
ಮೇಲೆ ಎರಡು ಟೈರು, ಲೂದೊವಿಕ್ ತಂದದ್ದು
ಅವನ ಭಾವನ ಗ್ಯಾರೇಜಿನಿಂದ.
ಹೊಗೆ ಗೋಡೆ ಹತ್ತಿ ಒಳಗೆ ಹೋಯಿತು
ಯಾರಿಗೂ ಪಾಸು ತೋರಿಸದೆ.

ಫ್ರಾನ್ಸಿನಲ್ಲಿ ಜೈಲು ಕಾಯುವವರಿಗೆ
ಮುಷ್ಕರ ಹೂಡುವ ಹಕ್ಕಿಲ್ಲ. ಕಾನೂನು.
ಆದ್ದರಿಂದ ನಾವು ಮುಷ್ಕರ ಹೂಡಿಲ್ಲ.
ಡ್ಯೂಟಿಗೆ ಮೊದಲು ಸುಮ್ಮನೆ ನಿಂತಿದ್ದೇವೆ
ಚಳಿ ಕಾಯಿಸುತ್ತ.
ಇಪ್ಪತ್ತೆರಡು ವರ್ಷ ಕಾದ ಕೈ
ಇನ್ನೂ ಕಾದಿಲ್ಲ.

ನನ್ನ ತಾತ ಪೋಲೆಂಡಿನಿಂದ ಬಂದವನು.
ಕಲ್ಲಿದ್ದಲ ಗಣಿಗೆ ಇಳಿಯುವ ಮೊದಲು
ಹಲಗೆಯ ಮೊಳೆಗೆ ಹಿತ್ತಾಳೆ ಬಿಲ್ಲೆ ತೂಗುಹಾಕುತ್ತಿದ್ದ.
ಸಂಜೆ ಬಿಲ್ಲೆ ಅಲ್ಲೇ ಉಳಿದರೆ
ಅಜ್ಜಿಗೆ ಯಾರಾದರೂ ಹೇಳಿಕಳಿಸಬೇಕು.
ನಾನೂ ಬಿಲ್ಲೆ ಕೊಟ್ಟೇ ಕೀಲಿಗೊಂಚಲು ತೆಗೆದುಕೊಳ್ಳುವುದು.
ನಲವತ್ತೊಂದನೇ ನಂಬರು.
ಗಣಿ ಮುಚ್ಚಿತು, ಅದರ ಕಪ್ಪು ದಿಬ್ಬದ ಬುಡದಲ್ಲೇ ಜೈಲೆದ್ದಿತು.
ಊರಿಗೆ ಕೆಲಸ ಬಂತೆಂದು ಮೇಯರು ರಿಬ್ಬನ್ ಕತ್ತರಿಸಿದ.
ಬಂತು, ಸುಳ್ಳೇನಲ್ಲ.

ಮೂರನೇ ಮಹಡಿ:
ಬಾಗಿಲು ಐವತ್ತೆರಡು,
ಗಂಡಸರು ನೂರಾ ಮೂವತ್ತೊಂದು,
ನಾನು ಒಬ್ಬಳು.
ಇಬ್ಬರ ಕೋಣೆಯಲ್ಲಿ ಮೂರನೆಯವನ ಹಾಸಿಗೆ ನೆಲಕ್ಕೆ.
ಬಾಗಿಲು ತೆರೆದರೆ ಮೊದಲು ಕಾಣುವುದು ಅವನ ನೆತ್ತಿ.
ಡಾಕ್ಟರಿಗೊಂದು ಚೀಟಿ, ಮೇಡಂ. ಒಂದೇ ನಿಮಿಷ.
ಸ್ನಾನ. ಒಂದೇ ನಿಮಿಷ.
ಫೋನು, ಮಗಳ ಹುಟ್ಟುಹಬ್ಬ. ಒಂದೇ ನಿಮಿಷ, ಅಂದೆನಲ್ಲ!
ಮುನ್ನೂರ ಹದಿನೇಳರಲ್ಲಿದ್ದ ಹುಡುಗನಿಗೆ
ಆ ನಿಮಿಷ ಬರಲೇ ಇಲ್ಲ.
ಅವನ ಚೀಟಿ ನನ್ನ ಜೇಬಿನಲ್ಲೇ ಇತ್ತು,
ಯೂನಿಫಾರ್ಮು ಒಗೆಯಲು ಹಾಕುವಾಗ ಸಿಕ್ಕಿತು.

ಸಂಘದ ಬೇಡಿಕೆಪಟ್ಟಿಯಲ್ಲಿ ಅದಿಲ್ಲ.
ಪಟ್ಟಿಯಲ್ಲಿರುವುದು ಹದಿನಾರು ಹುದ್ದೆ,
ರಜೆಯ ದಿನ ಫೋನು ಮಾಡಿ ಕರೆಸಬಾರದೆಂಬ ಮಾತು,
ಕೆಟ್ಟುಹೋದ ವಾಕಿಟಾಕಿಗಳು.

ಒಂಬತ್ತಕ್ಕೆ ಬಂದರು ಭೇಟಿಯ ಹೆಂಗಸರು,
ಒಗೆದು ಮಡಚಿದ ಬಟ್ಟೆಯ ಚೀಲ ಹೊತ್ತು.
ಎರಡು ಬಸ್ಸು ಬದಲಿಸಿ ಬಂದ ಜೊಹ್ರಾ
ಬೆಂಕಿ ನೋಡಿದಳು, ಬ್ಯಾನರು ಓದಿದಳು, ನನ್ನನ್ನು ಕೇಳಿದಳು:
“ನಿಮಗೆ ರಜೆಯಿಲ್ಲವೆಂದು
ನನ್ನ ಮಗನಿಗೆ ಅಂಗಿಯಿಲ್ಲವೇ?”
ದೆಲ್ಫಿನ್ ಅವಳಿಗೆ ಕಾಫಿ ಕೊಟ್ಟಳು.
ಕುಡಿಯುತ್ತ ನಮ್ಮ ಕಡೆಗೇ ಬಂದು ನಿಂತಳು.
ಗಾಳಿ ಆಚೆಗೆ ಬೀಸುತ್ತಿತ್ತು, ಅದಕ್ಕೆ.

ಆಗ ಶುರುವಾಯಿತು ಒಳಗಿನಿಂದ
ಸರಳಿಗೆ ತಟ್ಟೆ ಬಡಿಯುವ ಸದ್ದು.
ನಮಗೆ ಬೆಂಬಲ ಅಂದ ಲೂದೊವಿಕ್.
ಬೈಗುಳ ಅಂದರು ಇನ್ನು ಕೆಲವರು.
ನನ್ನ ಮಹಡಿಯ ಬಡಿತ ನನಗೆ ಗೊತ್ತು.
ಬೆಳಗಿನ ಬ್ರೆಡ್ಡು ಹೋಗಿರಲಿಲ್ಲ.

ಹನ್ನೆರಡಕ್ಕೆ ಪೊಲೀಸರು ನಮ್ಮನ್ನು ತಳ್ಳಿದರು,
ಮೆಲ್ಲಗೆ, ನೆಂಟರನ್ನು ಊಟಕ್ಕೆ ಎಬ್ಬಿಸುವ ಹಾಗೆ.
ಹದಿನಾರರಲ್ಲಿ ನಾಲ್ಕು ಹುದ್ದೆ
ಪರಿಶೀಲನೆಯಲ್ಲಿದೆಯಂತೆ, ಪತ್ರ ಬಂತು.
ಬೂದಿ ಗುಡಿಸಿದ್ದು ನಾವೇ.
ದಿನವೂ ಅಲ್ಲಿ ಗುಡಿಸುವ ಖೈದಿಯನ್ನು
ಹೊರಗೆ ಬಿಡಲು ಅಂದು ಯಾರೂ ಇರಲಿಲ್ಲ.

ಬಿಲ್ಲೆ ಕೊಟ್ಟೆ. ಕೀಲಿ ತೆಗೆದುಕೊಂಡೆ.
ಮುನ್ನೂರ ನಾಲ್ಕರಲ್ಲಿ ನೆಲದ ಹಾಸಿಗೆಯವನು,
ಬರುವ ಜೂನಿಗೆ ನಾಲ್ಕು ವರ್ಷ ಅವನಿಗೆ,
ಬ್ರೆಡ್ಡು ಇಸಿದುಕೊಳ್ಳುತ್ತ ಕೇಳಿದ: “ಗೆದ್ದಿರಾ?”
ಉತ್ತರಕ್ಕೆ ಕಾಯಲಿಲ್ಲ.
“ಕಿಟಕಿಗೆ ಬಂದದ್ದು ಬರೀ ಟೈರಿನ ವಾಸನೆ.
ನಿಮ್ಮ ಕೋಟಿನಲ್ಲಿ ಸೌದೆಯದೂ ಇದೆ.
ಸ್ವಲ್ಪ ಅಲ್ಲೇ ನಿಲ್ಲಿ, ಮೇಡಂ.”

ಹಿಂದೆ ಕಾರಿಡಾರಿನಲ್ಲಿ ಕರೆಯುವ ದೀಪಗಳು,
ಒಂದು, ಮೂರು, ಏಳು.
ನಿಂತೆ.
ಒಂದು ನಿಮಿಷ.