ದನಿ ಹಿಡಿಯದ ಜಾಗ

ಅಂಗಿ ಬಿಚ್ಚಿ ಎಡಮಗ್ಗುಲಿಗೆ ಮಲಗಿ ಎಂದೆ.
ಮಲಗಿದರು ದೋನ್ ಎವರಿಸ್ತೋ ಕೊಲ್ಕೆ, ಅರವತ್ತೆರಡು,
ಐಕಿಲೆ ಊರಲ್ಲಿ ಚರಾಂಗೋ ವಾದ್ಯ ಮಾಡುವವರು.
ಟೋಪಿ ಮಾತ್ರ ಕೊಡಲಿಲ್ಲ, ತೊಡೆಸಂದಿಯಲ್ಲಿಟ್ಟುಕೊಂಡರು.
ಉಗುರಲ್ಲಿ ಮರದ ಹಿಟ್ಟು, ಬೆರಳಲ್ಲಿ ಒಣಗಿದ ಅಂಟು.
ಜೆಲ್ ತಣ್ಣಗಿದೆ, ಬೇಜಾರು ಮಾಡ್ಕೋಬೇಡಿ ಎಂದೆ.
"ಜೂನ್ ತಿಂಗಳ ನಲ್ಲಿನೀರಿಗಿಂತ ವಾಸಿ" ಎಂದರು.

ಕೊಚಬಾಂಬಾದ ಈ ಕೋಣೆಗೆ ಕಿಟಕಿಯಿಲ್ಲ.
ಕತ್ತಲೆಯೇ ನನ್ನ ಕಸುಬಿನ ಅರ್ಧ ಬಂಡವಾಳ.
ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬ್ ಒತ್ತಿ
ಮಣಿಕಟ್ಟನ್ನು ಕೂದಲೆಳೆಯಷ್ಟು ಹೊರಳಿಸಿದರೆ
ಬೂದು ಹೊಗೆಯೊಳಗಿಂದ ಎದ್ದು ಬರುತ್ತದೆ
ನಾಲ್ಕು ಕೋಣೆಯ ಮನೆ,
ಬಾಗಿಲುಗಳು ತಮ್ಮಷ್ಟಕ್ಕೆ ತಾವೇ ಬಡಿದುಕೊಳ್ಳುತ್ತ.

"ಇದು ಎಕ್ಸ್‌ರೇಯೇ?"
ಅಲ್ಲ. ಸದ್ದು. ಕಿವಿಗೆ ದಕ್ಕದ ಸದ್ದು.
ಇಲ್ಲಿಂದ ಕಳಿಸುತ್ತೇನೆ, ಒಳಗೆ ತಾಗಿ ವಾಪಸು ಬರುತ್ತದೆ,
ಹೋಗಿಬಂದ ಹೊತ್ತು ಎಣಿಸಿ ಯಂತ್ರ ಚಿತ್ರ ಬರೆಯುತ್ತದೆ.
"ಹಾಗಾದರೆ ನಮ್ಮಿಬ್ಬರದೂ ಒಂದೇ ಕೆಲಸ, ಸೆನ್ಯೋರಿತಾ.
ಹಲಗೆ ಕೊಳ್ಳುವಾಗ ನಾನೂ ಗೆಣ್ಣಿನಿಂದ ತಟ್ಟುತ್ತೇನೆ.
ಬಿರುಕನ್ನು ಮರ ಮುಚ್ಚಿಡುವುದಿಲ್ಲ."

ಮಾತು ಬೇಡ. ಉಸಿರು ಬಿಟ್ಟು ಹಾಗೇ ಹಿಡಿಯಿರಿ.

ನಡುಗೋಡೆ ಒಳಕ್ಕೆ ಬರುತ್ತದೆ, ಸರಿ.
ಪಕ್ಕದ ಗೋಡೆ, ಸರಿ.
ಕವಾಟ ತುಸು ಸೋರುತ್ತದೆ,
ನೀಲಿಯದೊಂದು ಗಿಡ್ಡ ನಾಲಗೆ. ಅಳೆದೆ.
ಆಮೇಲೆ ತುದಿ.
ಉಳಿದದ್ದೆಲ್ಲ ಮುಷ್ಟಿ ಬಿಗಿಯುವಾಗ
ಅದೊಂದು ಮಾತ್ರ ಹೊರಕ್ಕೆ ಉಬ್ಬುತ್ತಿತ್ತು,
ನಿದ್ದೆಗಣ್ಣಿನ ಮಗುವಿನ ಕೆನ್ನೆಯಂತೆ.

ಚಿಕ್ಕಂದಿನಲ್ಲಿ ಯಾವಾಗಲಾದರೂ ಕಣ್ಣು ಊದಿತ್ತೆ?
"ಊದಿತ್ತು. ಆರು ವರ್ಷ ಆಗ. ಅವ್ವ ಎಲೆ ಅರೆದು ಕಟ್ಟಿದಳು.
ಅಕ್ಕ ವಾರವೆಲ್ಲ ಗೂಬೆ ಎಂದು ಕರೆದಳು."

ಮಣ್ಣುಗೋಡೆಯ ಸೀಳಲ್ಲಿ ಹಗಲು ಕಳೆದು
ಇರುಳು ಸೂರಿನಿಂದ ಉದುರುವ ವಿಂಚುಕಾ.
ಹುಡುಗನ ಕಣ್ಣಂಚಿನಲ್ಲಿ ಅದು ಬಿಟ್ಟು ಹೋದದ್ದು
ಎದೆಯ ತುದಿಯಲ್ಲಿ ಒಕ್ಕಲು ಹೂಡಿ, ಗೋಡೆ ಸವೆಸಲು
ತೆಗೆದುಕೊಂಡದ್ದು ಐವತ್ತಾರು ವರ್ಷ.
ಅವಸರವಿಲ್ಲ. ಬಾಡಿಗೆ ಕೇಳುವವರಿಲ್ಲ.

ನಾನು ಹೇಳುವಂತಿಲ್ಲ.
ಅಳೆಯುವುದು ನನ್ನದು, ಹೇಳುವುದು ಮೇಲ್ಮಹಡಿಯ ಡಾಕ್ಟರದು.
ಹನ್ನೊಂದು ವರ್ಷದ ರೂಢಿ, ಮುಖಕ್ಕೆ ಸುಣ್ಣ ಬಳಿದುಕೊಂಡೆ.
ಉಬ್ಬಿನ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೆ
ಎಂದು ಹುಡುಕಿದೆ, ಕೋನ ಬದಲಿಸಿ ಮತ್ತೆ ಹುಡುಕಿದೆ.
ಹೋದ ವರ್ಷ ಒಂದನ್ನು ನೆರಳೆಂದು ಬಿಟ್ಟಿದ್ದೆ.
ಆಕೆ ಈಗ ಎಡಗೈ ಒಂದರಲ್ಲೇ ಜೋಳ ಬಿಡಿಸುತ್ತಾಳೆ.

"ಅಲ್ಲಿ, ಮೇಲ್ಗಡೆ" ಎಂದರು ದೋನ್ ಎವರಿಸ್ತೋ,
"ಆ ಜಾಗ ದನಿ ಹಿಡಿಯುತ್ತಿಲ್ಲ."
ಪರದೆ ಅವರ ಬೆನ್ನಿಗಿತ್ತು.
ಎದುರಿನ ಔಷಧಿ ಬೀರುವಿನ ಗಾಜಿನಲ್ಲಿ
ಅವರು ಮೊದಲಿನಿಂದಲೂ ನೋಡುತ್ತಲೇ ಇದ್ದರು.

ನನ್ನ ಕೈ ನಿಂತಿತು. ಗೋಡೆಗಳು ಮಸುಕಾದವು.
ಅಂಥ ಹಲಗೆಯನ್ನು ನೀವು ಏನು ಮಾಡುತ್ತೀರಿ?

"ಎಸೆಯುವುದಿಲ್ಲ. ಒಳಗೊಂದು ಪಟ್ಟಿ ಅಂಟಿಸುತ್ತೇನೆ,
ತಂತಿ ಬಿಗಿಯುವಾಗ ಕೈ ಹಗುರ ಮಾಡುತ್ತೇನೆ,
ಮಾರುವಾಗ ಕೊಳ್ಳುವವನಿಗೆ ಹೇಳಿಬಿಡುತ್ತೇನೆ."
ತುಸು ತಡೆದು, "ನಿಮ್ಮಲ್ಲಿ ಹೇಳುವ ಪದ್ಧತಿ ಇಲ್ಲವೇನೋ."

ಜೆಲ್ ಒರೆಸಲು ಬಟ್ಟೆ ಕೊಟ್ಟೆ.
ಡಾಕ್ಟರನ್ನು ಇವತ್ತೇ ಕಾಣಿ, ನಾಳೆಗೆ ಬೇಡ ಎಂದೆ.
ಅಷ್ಟು ಹೇಳಲು ನನಗೆ ಹಕ್ಕಿದೆ.
ಹೋಗುವಾಗ ಬಾಗಿಲನ್ನು ಗೆಣ್ಣಿನಿಂದ ತಟ್ಟಿದರು.
"ಪೊಳ್ಳು. ಪ್ಲೈವುಡ್."

ವರದಿಗೆ ಕೂತೆ.
ತುದಿಯಲ್ಲಿ ಉಬ್ಬು, ಇಪ್ಪತ್ತೆರಡು ಮಿಲಿಮೀಟರ್.
ಹೆಪ್ಪು ಇಲ್ಲ ಎಂದು ಬರೆದೆ.
ಇಲ್ಲ ಎಂಬುದನ್ನು ಅಳಿಸಿ
ಕಾಣಲಿಲ್ಲ ಎಂದು ಬರೆದೆ.
ಹೊರಗೆ ಮುಂದಿನವರು ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದರು.